ವೈರ್‌ಲೆಸ್ ಹೆಡ್‌ಫೋನಲ್ಲಿ ಮ್ಯೂಸಿಕ್ ಮಾಡೋಕಾಗುತ್ತಾ? ಕೀ ಒತ್ತಿದ್ಮೇಲೆ ಸೌಂಡ್ ಲೇಟಾಗಿ ಬರ್ತಿದೆ

ಬೆಡ್‌ರೂಮ್ ಬೀಟ್ಸ್:

ಎಲ್ರಿಗೂ ನಮಸ್ಕಾರ. ಒಂದು ವರ್ಷದಿಂದ ಲ್ಯಾಪ್‌ಟಾಪು, ಒಂದು ಪುಟ್ಟ ಮಿಡಿ ಕೀಬೋರ್ಡು (ಕೀ ಒತ್ತಿದ್ರೆ ಸೌಂಡ್ ಮಾಡೋದು ಲ್ಯಾಪ್‌ಟಾಪು) ಇಟ್ಕೊಂಡು ರಾತ್ರಿ ಹೊತ್ತು ಟ್ರ್ಯಾಕ್ ಮಾಡ್ತಿದೀನಿ, ಕಲಿತಿರೋದೆಲ್ಲಾ ವೀಡಿಯೋ ನೋಡ್ಕೊಂಡೇ. ಇಷ್ಟು ದಿನ ಫೋನ್ ಜೊತೆ ಬಂದಿದ್ದ ಹಳೇ ವೈರ್ ಇಯರ್‌ಫೋನಲ್ಲೇ ನಡೀತಿತ್ತು, ಮೊನ್ನೆ ಅದರ ಒಂದು ಕಿವಿ ಸತ್ತೋಯ್ತು. ಹಾಗಾಗಿ ಹಾಡು ಕೇಳೋಕೆ ಅಂತ ತಗೊಂಡಿದ್ದ ಬ್ಲೂಟೂತ್ ಹೆಡ್‌ಫೋನ್ ಇದ್ಯಲ್ಲ, ನಾಯ್ಸ್ ಕ್ಯಾನ್ಸಲಿಂಗ್ ಇರೋದು, ಕಿವಿ ಪೂರ್ತಿ ಮುಚ್ಚೋ ಥರದ್ದು, ಅದನ್ನೇ ಹಾಕ್ಕೊಂಡು ಕೂತೆ. ಕೇಳೋಕೆ ಅದು ಸೂಪರ್, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಕೀಬೋರ್ಡ್ ನುಡಿಸಿದ್ರೆ ನಾನು ಒತ್ತಿ ಬೆರಳು ಎತ್ತೋ ಹೊತ್ತಿಗೆ ನೋಟ್ ಕೇಳ್ಸುತ್ತೆ. ಮೊದ್ಲು ನನ್ನ ತಾಳವೇ ತಪ್ತಿದೆ ಅಂದ್ಕೊಂಡೆ, ಮೆಟ್ರೋನೋಮ್ ಹಾಕ್ಕೊಂಡು ಒಂದು ವಾರ ಪ್ರಾಕ್ಟೀಸ್ ಬೇರೆ ಮಾಡ್ದೆ. ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಲಂತೆ ಅಂತಾರಲ್ಲ, ಹಾಗೆ ಅನ್ನಿಸ್ಕೋಬಾರದು ಅಂತ ಸುಮ್ನಿದ್ದೆ. ಆದ್ರೆ ಅದೇ ಹೆಡ್‌ಫೋನಲ್ಲಿ ವೀಡಿಯೋ ನೋಡಿದ್ರೆ ತುಟಿಗೂ ಮಾತಿಗೂ ಕರೆಕ್ಟಾಗಿ ಹೊಂದುತ್ತೆ, ಆವಾಗ ಯಾಕೆ ಲೇಟಿಲ್ಲ?

ಇನ್ನೊಂದು ತಲೆನೋವು, ಇದರಲ್ಲಿ ಕೇಳ್ಕೊಂಡು ಮಿಕ್ಸ್ ಮಾಡಿದ, ಅಂದ್ರೆ ಒಂದೊಂದು ವಾದ್ಯದ ಜೋರು ಹೊಂದಿಸಿದ ಟ್ರ್ಯಾಕ್ ಬೇರೆ ಕಡೆ ಹಾಕಿದ್ರೆ ಬೇಸೇ ಇಲ್ಲ, ಪೇಪರ್ ಥರ ತೆಳ್ಳಗೆ. ಹೆಡ್‌ಫೋನಲ್ಲಿ ಎದೆಗೆ ಗುದ್ದೋ ಥರ ಇತ್ತು.

ಹೊಸದು ತಗೋಳೋ ಪ್ಲಾನ್ ಸದ್ಯಕ್ಕಿಲ್ಲ. ಇರೋದ್ರಲ್ಲೇ ಏನಾದ್ರೂ ಮಾಡ್ಬೋದಾ? ಗೊತ್ತಿರೋರು ಹೇಳಿ.

ಹಳೇ ಕೇಬಲ್:

ನೇರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಬ್ಲೂಟೂತಲ್ಲಿ ಮ್ಯೂಸಿಕ್ ಕೇಳ್ಬೋದು, ಮಾಡೋಕಾಗಲ್ಲ. ಕೇಬಲ್ ಹಾಕಿ. ಸ್ಟುಡಿಯೋಗಳಲ್ಲಿ ಸೋನಿ ಎಂಡಿಆರ್ 7506 ಅಂತ ಒಂದು ಹೆಡ್‌ಫೋನ್ ಇದೆ, 1991ರಲ್ಲಿ ಬಂದಿದ್ದು, ಇವತ್ತಿಗೂ ಅದೇ ಸುರುಳಿ ಕೇಬಲ್‌ನ ಜೊತೆ ಮಾರ್ತಾರೆ. ಅದಕ್ಕೆ ಚಾರ್ಜಿಂಗ್ ಬೇಡ, ಆಪ್ ಬೇಡ, ಅಪ್‌ಡೇಟ್ ಬೇಡ, ಟೇಕ್ ಮಧ್ಯ "ಬ್ಯಾಟರಿ ಲೋ" ಅಂತ ಕಿವೀಲಿ ಹೆಂಗಸಿನ ದನಿ ಬರಲ್ಲ. ಪ್ಯಾಡ್ ಹರಿದ್ರೆ ಪ್ಯಾಡ್ ಬದಲಾಯಿಸಿ, ಅಷ್ಟೇ. ನಿಮ್ಮ ವೈರ್‌ಲೆಸ್ಸಿನ ಒಳಗಿನ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸುಸ್ತಾಗುತ್ತೆ, ಆಮೇಲೆ ಅದನ್ನ ಏನ್ಮಾಡ್ತೀರಾ?

ಫೇಡರ್ ಮೇಲೆ ಬೆರಳು:

ಹಳೇ ಕೇಬಲ್ ಸರ್ ಹೇಳಿದ್ದು ತಪ್ಪಲ್ಲ, ಆದ್ರೆ ಅವರು ಕೇಳಿದ್ದು ಇರೋದ್ರಲ್ಲಿ ಏನು ಮಾಡ್ಲಿ ಅಂತ.

ಮೊದ್ಲು ಒಂದು ಸಮಾಧಾನ ಹೇಳ್ಬಿಡ್ತೀನಿ. ನಿಮ್ಮ ಕೇಸಲ್ಲಿ ನೆಲ ನಿಜವಾಗ್ಲೂ ಡೊಂಕೇ, ಕುಣಿತ ಸರಿ ಇದೆ.

ಬ್ಲೂಟೂತಲ್ಲಿ ಏನಾಗುತ್ತೆ ಅಂದ್ರೆ ಕಂಪ್ಯೂಟರ್ ಸೌಂಡನ್ನ ಚೂರು ಚೂರು ಮಾಡಿ ಕುಗ್ಗಿಸಿ ರೇಡಿಯೋಲಿ ಕಳ್ಸುತ್ತೆ, ಹೆಡ್‌ಫೋನ್ ಅದನ್ನ ಬಂದ ತಕ್ಷಣ ನುಡಿಸಲ್ಲ, ಸ್ವಲ್ಪ ಹೊತ್ತು ಗುಡ್ಡೆ ಹಾಕ್ಕೊಂಡು ಆಮೇಲೆ ಬಿಚ್ಚಿ ನುಡಿಸುತ್ತೆ. ಯಾಕೆ ಗುಡ್ಡೆ ಹಾಕ್ಕೊಳುತ್ತೆ ಅಂದ್ರೆ 2.4 ಗಿಗಾಹರ್ಟ್ಸ್ ಬ್ಯಾಂಡಲ್ಲಿ ವೈಫೈ, ಮೈಕ್ರೋವೇವು ಎಲ್ಲಾ ಒಟ್ಟಿಗೆ ಗಲಾಟೆ ಮಾಡ್ತಿರುತ್ತೆ, ಒಂದು ಪ್ಯಾಕೆಟ್ ಕಳೆದೋದ್ರೆ ಮತ್ತೆ ಕೇಳಿ ತರಿಸ್ಕೊಳೋಕೆ ಟೈಮ್ ಬೇಕಲ್ಲ, ಅದಕ್ಕೆ. ಇದೆಲ್ಲಾ ಸೇರಿ ಸಾಮಾನ್ಯ ಹೆಡ್‌ಫೋನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಆಗುತ್ತೆ. ಕೇಳೋಕೆ ಚಿಕ್ಕ ನಂಬರ್ ಥರ ಕಾಣುತ್ತೆ ಆದ್ರೆ ಲೆಕ್ಕ ಹಾಕಿ, 120 ಬಿಪಿಎಂ, ಅಂದ್ರೆ ನಿಮಿಷಕ್ಕೆ 120 ಬೀಟ್ ಇರೋ ಹಾಡಲ್ಲಿ ಒಂದು ಬೀಟ್ ಅಂದ್ರೆ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. 200 ತಡ ಅಂದ್ರೆ ಕಾಲು ಬೀಟಿಗಿಂತ ಜಾಸ್ತಿ ಹಿಂದೆ ಬಿದ್ದಂಗಾಯ್ತು. ಇನ್ನೊಂದು ಥರ ಹೇಳ್ಬೇಕಂದ್ರೆ ಗಾಳೀಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಸೋ ನಿಮ್ಮ ಕೀಬೋರ್ಡಿನ ಸ್ಪೀಕರನ್ನ ನಿಮ್ಮಿಂದ 68 ಮೀಟರ್ ದೂರ ಇಟ್ಟು ನುಡಿಸಿದಂಗೆ. ಯಾರಿಗೆ ತಾಳ ನಿಲ್ಲುತ್ತೆ ಹೇಳಿ.

ಕೇಬಲಲ್ಲಿ ಇದೇ ಕೆಲಸ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿಗೆ ಸೌಂಡ್ ಒಳಗೆ ಹೊರಗೆ ಮಾಡೋ ಡಬ್ಬ) ಬಫರ್, ಅಂದ್ರೆ ಒಂದ್ಸಲಕ್ಕೆ ಗುಡ್ಡೆ ಹಾಕೋ ಸೌಂಡು, 128 ಸ್ಯಾಂಪಲ್ಲಿಗೆ ಇಟ್ರೆ ಬಫರಿಂದ ಬರೋ ತಡ 3 ಮಿಲಿಸೆಕೆಂಡೂ ಇಲ್ಲ, ಹೋಗೋದು ಬರೋದು ಎಲ್ಲಾ ಸೇರಿದ್ರೂ ಹತ್ತರ ಆಸುಪಾಸು. ಹತ್ತನ್ನ ಬೆರಳು ಅಡ್ಜಸ್ಟ್ ಮಾಡ್ಕೊಳುತ್ತೆ, ಇನ್ನೂರನ್ನ ಮಾಡ್ಕೊಳಲ್ಲ.

ವೀಡಿಯೋ ಯಾಕೆ ಸರಿ ಇದೆ ಅಂದ್ರಿ. ಪ್ಲೇಯರ್‌ಗೆ ಹೆಡ್‌ಫೋನ್ ಎಷ್ಟು ತಡ ಮಾಡುತ್ತೆ ಅಂತ ಅಂದಾಜಿರುತ್ತೆ, ಅದು ಚಿತ್ರಾನೂ ಅಷ್ಟೇ ತಡ ಮಾಡಿ ತೋರ್ಸುತ್ತೆ. ಮೋಸ ಎರಡೂ ಕಡೆ ಸಮ ಆದಾಗ ನಮಗೆ ಗೊತ್ತೇ ಆಗಲ್ಲ. ಆದ್ರೆ ನೀವು ಯಾವಾಗ ಕೀ ಒತ್ತುತೀರಾ ಅಂತ ಯಾವ ಸಾಫ್ಟ್‌ವೇರಿಗೂ ಮೊದ್ಲೇ ಗೊತ್ತಾಗಲ್ವಲ್ಲ, ನಿಮ್ಮ ಬೆರಳನ್ನ ಅದು ತಡ ಮಾಡೋಕಾಗಲ್ಲ. ಅಷ್ಟೇ ವಿಷಯ.

ಹಾಗಾಗಿ ನುಡಿಸಿ ರೆಕಾರ್ಡ್ ಮಾಡೋದಕ್ಕೆ, ಹಾಡಿ ರೆಕಾರ್ಡ್ ಮಾಡೋದಕ್ಕೆ ಬ್ಲೂಟೂತ್ ಬೇಡವೇ ಬೇಡ. ಮೌಸಲ್ಲಿ ನೋಟ್ ಒಂದೊಂದೇ ಇಡೋದು, ಕಟ್ ಮಾಡೋದು, ಅರೇಂಜ್ ಮಾಡೋದು ಇಂಥದ್ದಕ್ಕೆ ಧಾರಾಳವಾಗಿ ಹಾಕ್ಕೊಳ್ಳಿ, ಅಲ್ಲಿ ತಡ ಆದ್ರೆ ಪ್ಲೇ ಒತ್ತಿದ್ಮೇಲೆ ಒಂಚೂರು ಕಾಯ್ಬೇಕು ಅಷ್ಟೇ.

ನಿಮ್ಮ ಹೆಡ್‌ಫೋನಲ್ಲಿ 3.5 ಎಂಎಂ ಕೇಬಲ್ ಹಾಕೋ ತೂತು ಇದ್ಯಾ ನೋಡಿ ಮೊದ್ಲು. ಎಷ್ಟೋ ಜನ ಆ ಕೇಬಲನ್ನ ಡಬ್ಬದಿಂದ ತೆಗೆದೇ ಇರಲ್ಲ. ಬೇಸ್ ವಿಷಯ ಆಮೇಲೆ ಬರೀತೀನಿ, ಈಗ ಒಂದು ಸೆಶನ್ ಇದೆ.

ಬೆಡ್‌ರೂಮ್ ಬೀಟ್ಸ್:

ಅಯ್ಯೋ ಒಂದು ವಾರದ ಮೆಟ್ರೋನೋಮ್ ಪ್ರಾಕ್ಟೀಸ್ ವೇಸ್ಟಾಯ್ತಲ್ಲ ಗುರು 😅 ತೂತು ಇದೆ, ಕೇಬಲ್ ಎಲ್ಲಿಟ್ಟಿದೀನಿ ಹುಡುಕ್ಬೇಕು.

ಇನ್ನೊಂದು ಮರೆತಿದ್ದೆ. ಕೆಲವು ಸಲ ಮ್ಯೂಸಿಕ್ ಸಾಫ್ಟ್‌ವೇರ್ ಓಪನ್ ಮಾಡಿದ ತಕ್ಷಣ ಸೌಂಡ್ ಪೂರ್ತಿ ಕೆಟ್ಟೋಗುತ್ತೆ, ಫೋನ್ ಕಾಲಲ್ಲಿ ಹೋಲ್ಡ್ ಮ್ಯೂಸಿಕ್ ಹಾಕ್ತಾರಲ್ಲ ಆ ಥರ, ಸ್ಟೀರಿಯೋನೂ ಇರಲ್ಲ. ಸಾಫ್ಟ್‌ವೇರ್ ಮುಚ್ಚಿದ್ರೆ ಮತ್ತೆ ಸರಿ. ಹೆಡ್‌ಫೋನ್ ಕೆಟ್ಟಿದ್ಯಾ?

ಕೋಡೆಕ್ ಕೋತಿ:

ಕೆಟ್ಟಿಲ್ಲ, ಇದು ಬ್ಲೂಟೂತಿನ ಹಳೇ ರೋಗ. ಬ್ಲೂಟೂತಲ್ಲಿ ಹಾಡಿಗೆ ಒಂದು ದಾರಿ, ಫೋನ್ ಮಾತಿಗೆ ಇನ್ನೊಂದು ದಾರಿ ಅಂತ ಎರಡಿದೆ. ಹಾಡಿನ ದಾರಿ ಒನ್‌ವೇ, ಸ್ಟೀರಿಯೋ ಬರುತ್ತೆ ಆದ್ರೆ ಮೈಕ್ ವಾಪಸ್ ಹೋಗೋಕೆ ಜಾಗ ಇಲ್ಲ. ಯಾವುದೋ ಸಾಫ್ಟ್‌ವೇರ್ ಹೆಡ್‌ಫೋನಿನ ಮೈಕ್ ಬೇಕು ಅಂತ ಕೇಳಿದ ಕ್ಷಣ ಅದು ಫೋನ್ ದಾರಿಗೆ ಹಾರುತ್ತೆ, ಅಲ್ಲಿ ಮೋನೋ (ಎರಡು ಕಿವಿಗೂ ಒಂದೇ ಸೌಂಡು), ಸ್ಯಾಂಪಲ್ ರೇಟ್ ಸಾಮಾನ್ಯವಾಗಿ 16 ಕಿಲೋಹರ್ಟ್ಸ್, ಹಳೇದಾದ್ರೆ ಬರೀ 8. ಸ್ಯಾಂಪಲ್ ರೇಟಿನ ಅರ್ಧದವರೆಗಿನ ಸ್ವರ ಮಾತ್ರ ಹಿಡಿಯುತ್ತೆ, ಅಂದ್ರೆ 16ರಲ್ಲಿ 8 ಸಾವಿರ ಹರ್ಟ್ಸ್ ಮೇಲಿನ ಸಿಂಬಲ್ಲು, ಉಸಿರಿನ ಹೊಳಪು ಏನೂ ಉಳಿಯಲ್ಲ. ನಿಮ್ಮ ಸಾಫ್ಟ್‌ವೇರ್ ಓಪನ್ ಆದಾಗ ಇನ್‌ಪುಟ್ ಅಂತ ಸುಮ್ನೆ ಹೆಡ್‌ಫೋನ್ ಮೈಕನ್ನ ಹಿಡ್ಕೊಳ್ತಿದೆ. ಆಡಿಯೋ ಸೆಟ್ಟಿಂಗಲ್ಲಿ ಇನ್‌ಪುಟ್ಟನ್ನ ಲ್ಯಾಪ್‌ಟಾಪ್ ಮೈಕಿಗೋ ಅಥವಾ ಯಾವುದೂ ಬೇಡ ಅಂತಲೋ ಬದಲಾಯಿಸಿ, ಸರಿ ಹೋಗುತ್ತೆ. ಮೀಟಿಂಗಲ್ಲಿ ಹಾಡು ಕೇಳಿಸಿದ್ರೆ ದರಿದ್ರವಾಗಿ ಬರೋದೂ ಇದಕ್ಕೇ.

ಇನ್ನು ಕ್ವಾಲಿಟಿ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ಇದರ ಬಗ್ಗೆ ಜನ ಸುಮ್‌ಸುಮ್ನೆ ಜಗಳ ಆಡ್ತಾರೆ. ಸಿಡಿ ಕ್ವಾಲಿಟಿ ಅಂದ್ರೆ ಸೆಕೆಂಡಿಗೆ 1411 ಕಿಲೋಬಿಟ್. ಎಲ್ಲಾ ಬ್ಲೂಟೂತ್ ಹೆಡ್‌ಫೋನಲ್ಲೂ ಕಡ್ಡಾಯವಾಗಿ ಇರೋ ಎಸ್‌ಬಿಸಿ ಅನ್ನೋ ಕೋಡೆಕ್ (ಸೌಂಡ್ ಕುಗ್ಗಿಸಿ ಬಿಚ್ಚೋ ವಿಧಾನ) ಒಳ್ಳೇ ಸೆಟ್ಟಿಂಗಲ್ಲಿ 328 ಕಳ್ಸುತ್ತೆ. ಬೇರೆ ಕೋಡೆಕ್‌ಗಳಲ್ಲಿ ಎಎಸಿ ಸುಮಾರು 256, ಆಪ್ಟಿಎಕ್ಸ್ 352, ಆಪ್ಟಿಎಕ್ಸ್ ಎಚ್‌ಡಿ 576, ಸೋನಿಯ ಎಲ್‌ಡ್ಯಾಕ್ 330, 660, 990 ಅಂತ ಮೂರು ಗೇರು. ಎಲ್‌ಡ್ಯಾಕ್ 2017ರ ಆಂಡ್ರಾಯ್ಡ್ 8ರಿಂದ ಫೋನಲ್ಲೇ ಬರ್ತಿದೆ ಆದ್ರೆ ಎಷ್ಟೋ ಫೋನಲ್ಲಿ ಅದು ತಾನೇ ಗೇರ್ ಬದಲಾಯಿಸ್ತಾ ಇರುತ್ತೆ, ಡಬ್ಬದ ಮೇಲೆ 990 ಅಂತ ಇರೋದು ಫೋನ್ ಹಿಂದಿನ ಜೇಬಿಗೆ ಹಾಕಿ ನಡೆಯೋಕೆ ಶುರು ಮಾಡಿದ್ರೆ 330ಕ್ಕೆ ಇಳಿದಿರ್ಬೋದು, ನಿಮಗೆ ಗೊತ್ತೂ ಆಗಲ್ಲ. ಡೆವಲಪರ್ ಆಪ್ಷನಲ್ಲಿ ಫಿಕ್ಸ್ ಮಾಡ್ಬೋದು, ಮಾಡಿದ್ರೆ ಜನ ಇರೋ ಜಾಗದಲ್ಲಿ ಸೌಂಡ್ ಕಟ್ ಕಟ್ ಆಗುತ್ತೆ. ಐಫೋನಲ್ಲಿ ಎಲ್‌ಡ್ಯಾಕೂ ಇಲ್ಲ ಆಪ್ಟಿಎಕ್ಸೂ ಇಲ್ಲ, ಎಸ್‌ಬಿಸಿ ಇಲ್ಲಾ ಎಎಸಿ.

ಬರೀ ನಂಬರ್ ನೋಡಿ ತೀರ್ಮಾನ ಮಾಡೋಕೂ ಆಗಲ್ಲ. 256ರ ಎಎಸಿನ ಒಳ್ಳೇ ಎನ್‌ಕೋಡರ್ (ಕುಗ್ಗಿಸೋ ಸಾಫ್ಟ್‌ವೇರ್) ಮಾಡಿದ್ರೆ 328ರ ಎಸ್‌ಬಿಸಿಗಿಂತ ಚೆನ್ನಾಗಿರುತ್ತೆ, ಕೆಟ್ಟ ಎನ್‌ಕೋಡರ್ ಮಾಡಿದ್ರೆ ಉಲ್ಟಾ.

ಮತ್ತೆ ಲಾಸ್‌ಲೆಸ್, ಅಂದ್ರೆ ಏನೂ ಕಳ್ಕೊಳದೇ ಕುಗ್ಗಿಸಿದ ಹಾಡಿನ ಸಬ್‌ಸ್ಕ್ರಿಪ್ಶನ್ ತಗೊಂಡು ಬ್ಲೂಟೂತಲ್ಲಿ ಕೇಳ್ತಾರಲ್ಲ, ಅದು ತೂತು ಬಿಂದಿಗೇಲಿ ನೀರು ಹೊತ್ತಂಗೆ. ಆಪಲ್ 2021ರಲ್ಲಿ ಲಾಸ್‌ಲೆಸ್ ಶುರು ಮಾಡಿದಾಗ ತಮ್ಮದೇ ಹೆಡ್‌ಫೋನ್ ಏರ್‌ಪಾಡ್ಸ್ ಮ್ಯಾಕ್ಸಲ್ಲೂ ವೈರ್‌ಲೆಸ್ಸಾಗಿ ಲಾಸ್‌ಲೆಸ್ ಬರಲ್ಲ ಅಂತ ಅವರೇ ಹೇಳಿದ್ರು. ಆಮೇಲೆ 2024ರಲ್ಲಿ ಅದರದ್ದೇ ಯುಎಸ್‌ಬಿ ಸಿ ಮಾಡೆಲ್ ಬಂತು, 2025ರಲ್ಲಿ ಅಪ್‌ಡೇಟ್ ಕೊಟ್ಟು 24 ಬಿಟ್ 48 ಕಿಲೋಹರ್ಟ್ಸ್ ಲಾಸ್‌ಲೆಸ್ಸು, ತಡಾನೂ ತೀರಾ ಕಮ್ಮಿ ಅಂದ್ರು. ಹೇಗೆ ಅಂದ್ರೆ ಕೇಬಲ್ ಹಾಕಿದ್ರೆ ಮಾತ್ರ 🙂

ಹಳೇ ಕೇಬಲ್:

ನಾನೇನು ಹೇಳ್ದೆ.

ಸುಮ್ನೆ ಕೇಳುಗ:

ನಾನು ಮ್ಯೂಸಿಕ್ ಮಾಡೋನಲ್ಲ ಬರೀ ಕೇಳೋನು, ನನಗನ್ಸುತ್ತೆ ಈ ಕೋಡೆಕ್ ಕಥೆ ತೊಂಬತ್ತು ಪಾಲು ಮಾರ್ಕೆಟಿಂಗ್. ಒಂದ್ಸಲ ಛಲ ಹಿಡಿದು ಕಂಪ್ಯೂಟರಲ್ಲಿ ಎಬಿಎಕ್ಸ್ ಟೆಸ್ಟ್ ಮಾಡ್ದೆ, ಅಂದ್ರೆ ಯಾವುದು ಲಾಸ್‌ಲೆಸ್ ಯಾವುದು 256 ಕಿಲೋಬಿಟ್ಟಿಗೆ ಕುಗ್ಗಿಸಿದ್ದು ಅಂತ ಹೇಳ್ದೇನೆ ಕೇಳಿಸುತ್ತೆ, ನಾವು ಊಹಿಸ್ಬೇಕು. ನಾನೇ ಆರಿಸಿದ ನನಗೆ ಬಾಯಿಪಾಠ ಆಗಿರೋ ಹಾಡುಗಳು. ಹದಿನಾರು ಸಲದಲ್ಲಿ ಒಂಬತ್ತು ಸರಿ, ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು. ಆ ದಿನದಿಂದ ನೆಮ್ಮದಿಯಾಗಿದೀನಿ. ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಮಾತ್ರ ಕಣ್ಣು ಮುಚ್ಚಿ ಹೇಳ್ತೀನಿ. ಪ್ಯಾಡ್ ಕನ್ನಡಕದ ಕಡ್ಡಿ ಮೇಲೆ ಕೂತು ಒಂಚೂರು ಗಾಳಿ ಸೋರಿದ್ರೆ ಬೇಸ್ ಎಷ್ಟು ಬಿದ್ದೋಗುತ್ತೆ ನೋಡಿ, ಅದರ ಮುಂದೆ ಕೋಡೆಕ್ ಯಾವ ಲೆಕ್ಕ.

ಕೋಡೆಕ್ ಕೋತಿ:

ಸುಮ್ನೆ ಕೇಳೋದಕ್ಕೆ ನಿಮ್ಮ ಮಾತು ಒಪ್ತೀನಿ ಸರ್. ಆದ್ರೆ ಎಎಸಿಲಿ ಇರೋ ಸ್ಟ್ರೀಮ್ ಬಿಚ್ಚಿ ಮತ್ತೆ ಎಸ್‌ಬಿಸಿಗೆ ಕುಗ್ಗಿಸಿದಾಗ ಎರಡು ಸಲ ಕತ್ತರಿ ಬಿದ್ದಿರುತ್ತೆ, ಅದು ನಿಮ್ಮ ಟೆಸ್ಟಲ್ಲಿ ಬರಲಿಲ್ಲ. ಚಪ್ಪಾಳೆ, ರೈಡ್ ಸಿಂಬಲ್, ಉದ್ದ ರಿವರ್ಬಿನ (ಕೋಣೆಯ ಗುಂಯ್ ಅನ್ನೋ ಪ್ರತಿಧ್ವನಿಯ) ಬಾಲ, ಇಂಥ ಕಡೆ ಕಿವಿಗೊಟ್ಟು ಕೇಳಿ. ಮಿಕ್ಸ್ ಮಾಡೋರು ಅದೇ ಬಾಲವನ್ನ ಎಷ್ಟು ಉದ್ದ ಇಡ್ಬೇಕು ಅಂತ ತಲೆ ಕೆಡಿಸ್ಕೊಂಡಿರ್ತಾರೆ. ಗಾಳಿ ಸೋರೋ ವಿಷಯ ಮಾತ್ರ ನೂರಕ್ಕೆ ನೂರು.

ಫೇಡರ್ ಮೇಲೆ ಬೆರಳು:

ಬಂದೆ. ಬೇಸ್ ಯಾಕೆ ಮಾಯ ಆಗ್ತಿದೆ ಅಂತ.

ಕೇಳೋರಿಗೆ ಅಂತ ಮಾಡೋ ವೈರ್‌ಲೆಸ್ ಹೆಡ್‌ಫೋನುಗಳಲ್ಲಿ ಹೆಚ್ಚಿನವು ಬೇಸ್ ಏರಿಸಿಯೇ ಬರ್ತವೆ, ಬಸ್ಸಲ್ಲಿ ರೈಲಲ್ಲಿ ಕೂತು ಕೇಳೋರಿಗೆ ಅದು ಬೇಕೂ ಹೌದು. ಈಗ ನಿಮ್ಮದು ಬೇಸನ್ನ 6 ಡೆಸಿಬೆಲ್ (ಡಿಬಿ) ಜಾಸ್ತಿ ತೋರಿಸ್ತಿದೆ ಅಂದ್ಕೊಳ್ಳಿ. ನಿಮ್ಮ ಕಿಕ್ಕು (ದಪ್ಪ ಡ್ರಮ್ಮಿನ ಗುದ್ದು) ಕಿವಿಗೆ ಜಾಸ್ತಿ ಅನ್ಸುತ್ತೆ, ನೀವು ಅದರ ಫೇಡರ್ (ಜೋರು ಏರಿಸಿ ಇಳಿಸೋ ಗುಂಡಿ) ಇಳಿಸ್ತೀರಾ, ಹೆಡ್‌ಫೋನಲ್ಲಿ ಈಗ ಸರಿ ಅನ್ಸುತ್ತೆ, ಬೇರೆ ಕಡೆ ಹಾಕಿದ್ರೆ ನೀವು ಇಳಿಸಿದ್ದು ಮಾತ್ರ ಉಳಿದಿರುತ್ತೆ. ಬಣ್ಣದ ಕನ್ನಡಕ ಹಾಕ್ಕೊಂಡು ಗೋಡೆಗೆ ಪೇಂಟ್ ಮಾಡಿದಂಗೆ.

ಇದಕ್ಕಿಂತ ಕೆಟ್ಟದ್ದು ಏನಂದ್ರೆ ಆ ಬಣ್ಣ ನಿಲ್ಲಲ್ಲ. ಒಳಗೆ ಒಂದು ಚಿಕ್ಕ ಪ್ರೊಸೆಸರ್ ಕೂತಿದೆ, ನಾಯ್ಸ್ ಕ್ಯಾನ್ಸಲಿಂಗ್ ಆನ್ ಇದ್ರೆ ಒಂದು ಟೋನ್, ಆಫ್ ಮಾಡಿದ್ರೆ ಇನ್ನೊಂದು, ಕೆಲವದ್ರಲ್ಲಿ ಕಿವಿ ಮೇಲೆ ಹೇಗೆ ಕೂತಿದೆ ಅಂತ ನೋಡಿ ತಾನೇ ಈಕ್ಯೂ (ಬೇಸು, ಮಧ್ಯ, ಮೇಲಿನ ಸ್ವರದ ಹೊಂದಾಣಿಕೆ) ಬದಲಾಯಿಸ್ಕೊಳೋದು, ಆಪಲ್ ಕಂಪನಿಯವರು ಅದಕ್ಕೆ ಅಡಾಪ್ಟಿವ್ ಈಕ್ಯೂ ಅಂತಾರೆ. ಕೇಳೋಕೆ ಅದ್ಭುತ. ಆದ್ರೆ ಅಳತೆ ಮಾಡೋ ಟೇಪೇ ದಿನಕ್ಕೊಂದು ಉದ್ದ ಆದ್ರೆ ಬಡಗಿ ಏನ್ಮಾಡ್ಬೇಕು? ಹೆಡ್‌ಫೋನ್ ಫ್ಲಾಟ್ ಇಲ್ದೇ ಇರೋದು ಅಷ್ಟು ದೊಡ್ಡ ತೊಂದರೆ ಅಲ್ಲ ಸ್ವಾಮಿ, ಪ್ರತಿ ದಿನ ಒಂದೇ ಥರ ಇರಬೇಕು ಅಷ್ಟೇ. ಯಮಹಾ ಎನ್‌ಎಸ್ 10 ಅಂತ ಬಿಳೀ ಕೋನಿನ ಸ್ಪೀಕರ್ ಫೋಟೋಲಿ ನೋಡಿರ್ತೀರಾ, 1978ರಲ್ಲಿ ಮನೇಲಿ ಇಟ್ಕೊಳೋಕೆ ಅಂತ ಬಂದಿದ್ದು, ಅಲ್ಲಿ ಯಾರೂ ಅಷ್ಟಾಗಿ ಕೇಳ್ಲಿಲ್ಲ, ಬೇಸ್ ಕಮ್ಮಿ, ಮಧ್ಯದ ಸ್ವರ ಮುಖಕ್ಕೆ ಹೊಡೆಯೋ ಥರ. ಅದೇ ಸ್ಪೀಕರ್ ಜಗತ್ತಿನ ಸ್ಟುಡಿಯೋಗಳಲ್ಲೆಲ್ಲಾ ಮಿಕ್ಸಿಂಗ್ ಡೆಸ್ಕ್ ಮೇಲೆ ಕೂತ್ಬಿಡ್ತು, ಯಾಕಂದ್ರೆ ತಪ್ಪನ್ನ ಮುಚ್ಚಿಡ್ತಿರಲಿಲ್ಲ, ಎಂಜಿನಿಯರುಗಳಿಗೆ ಅದರ ಸ್ವಭಾವ ಕರತಲಾಮಲಕ ಆಗಿತ್ತು.

ನೀವೂ ಹಾಗೇ ಮಾಡಿ. ಒಂದೇ ಮೋಡ್ ಆರಿಸ್ಕೊಳ್ಳಿ, ಸ್ಪೇಶಿಯಲ್ ಆಡಿಯೋ, ಬೇಸ್ ಬೂಸ್ಟ್, ಹೆಡ್‌ಫೋನಿನ ಆಪ್‌ನಲ್ಲಿರೋ ಈಕ್ಯೂ ಎಲ್ಲಾ ತೆಗೆದುಬಿಡಿ. ನಿಮಗೆ ಚೆನ್ನಾಗಿ ಗೊತ್ತಿರೋ, ನಿಮ್ಮ ಟ್ರ್ಯಾಕ್ ಥರದ್ದೇ ಎರಡು ಮೂರು ಬಿಡುಗಡೆ ಆದ ಹಾಡನ್ನ ಪ್ರಾಜೆಕ್ಟಲ್ಲೇ ಹಾಕ್ಕೊಂಡು, ಅವು ಮಾಸ್ಟರ್ ಆಗಿರೋದ್ರಿಂದ, ಅಂದ್ರೆ ಬಿಡುಗಡೆಗೆ ಅಂತ ಕೊನೇ ಸಲ ತಿದ್ದಿರೋದ್ರಿಂದ ಜೋರಾಗಿರ್ತವೆ, ನಿಮ್ಮ ಮಿಕ್ಸಿನಷ್ಟೇ ಲೆವೆಲ್ಲಿಗೆ ಇಳಿಸಿ, ಐದು ನಿಮಿಷಕ್ಕೊಂದ್ಸಲ ಆ ಕಡೆ ಈ ಕಡೆ ಸ್ವಿಚ್ ಮಾಡ್ತಾ ಕೇಳಿ. ಲೆವೆಲ್ ಸಮ ಮಾಡ್ದೇ ಕೇಳಿದ್ರೆ ಪ್ರಯೋಜನ ಇಲ್ಲ, ಜೋರಿರೋದೇ ಯಾವಾಗಲೂ ಚೆನ್ನಾಗಿದೆ ಅನ್ಸುತ್ತೆ. ಮೆಲ್ಲಗೂ ಕೇಳಿ, ವಾಲ್ಯೂಮ್ ಏರಿಸಿದಷ್ಟೂ ನಮ್ಮ ಕಿವಿಗೆ ಬೇಸ್ ಜಾಸ್ತಿ ಕೇಳ್ಸುತ್ತೆ, ಫ್ಲೆಚರ್ ಮತ್ತೆ ಮನ್ಸನ್ ಅನ್ನೋ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದು ಇದನ್ನೇ.

ಇನ್ನೊಂದು, ಇದು ವೈರ್ ಇದ್ರೂ ಇಲ್ದಿದ್ರೂ ಎಲ್ಲಾ ಹೆಡ್‌ಫೋನಿಗೂ ಅನ್ವಯಿಸುತ್ತೆ. ಸ್ಪೀಕರಲ್ಲಿ ಎಡಗಡೆ ಸೌಂಡ್ ಬಲಗಿವಿಗೂ ಸ್ವಲ್ಪ ಹೋಗುತ್ತೆ, ಹೆಡ್‌ಫೋನಲ್ಲಿ ಹೋಗಲ್ಲ. ಅದಕ್ಕೇ ಪ್ಯಾನ್ ಮಾಡಿದ್ದೆಲ್ಲಾ, ಅಂದ್ರೆ ಎಡಕ್ಕೋ ಬಲಕ್ಕೋ ಸರಿಸಿದ್ದೆಲ್ಲಾ, ವಿಶಾಲವಾಗಿ ಕೇಳ್ಸುತ್ತೆ, ರಿವರ್ಬ್ ಒಂಚೂರು ಇದ್ರೂ ಸಾಕು ಅನ್ಸುತ್ತೆ. ಒಂದ್ಸಲ ಮೋನೋ ಮಾಡಿ ಲ್ಯಾಪ್‌ಟಾಪ್ ಸ್ಪೀಕರಲ್ಲೇ ಕೇಳಿ, ಗಾಯನ ಕಳೆದುಹೋದ್ರೆ ಅಲ್ಲೇ ಸಿಕ್ಕಿಬೀಳುತ್ತೆ.

ಮತ್ತೆ ಕೊನೇಗೆ ಮಿಕ್ಸ್ ಮುಗಿದ್ಮೇಲೆ ಬ್ಲೂಟೂತಲ್ಲಿ ಒಂದ್ಸಲ ಕೇಳೇ ಕೇಳ್ತೀನಿ ನಾನು. ಕೇಳೋರು ಕೇಳೋದೇ ಅದರಲ್ಲಲ್ವಾ.

ಬೆಡ್‌ರೂಮ್ ಬೀಟ್ಸ್:

ಅಪ್‌ಡೇಟ್. ಕೇಬಲ್ ಸಿಕ್ತು, ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಇತ್ತು.

ಕುತೂಹಲಕ್ಕೆ ತಡ ಎಷ್ಟು ಅಂತ ಅಳೆದೆ. ಹೆಡ್‌ಫೋನಿನ ಒಂದು ಕಪ್ಪನ್ನ ಲ್ಯಾಪ್‌ಟಾಪ್ ಮೈಕಿಗೆ ಒತ್ತಿಟ್ಟು, ಪ್ರಾಜೆಕ್ಟಲ್ಲಿ ಒಂದು ಕ್ಲಿಕ್ ನುಡಿಸಿ, ಮೈಕಿಂದ ವಾಪಸ್ ರೆಕಾರ್ಡ್ ಮಾಡಿ, ಎರಡು ಕ್ಲಿಕ್ಕಿನ ಮಧ್ಯ ಎಷ್ಟು ಗ್ಯಾಪ್ ಅಂತ ಝೂಮ್ ಮಾಡಿ ನೋಡ್ದೆ. ಬ್ಲೂಟೂತಲ್ಲಿ ಮೊದಲ ಸಲ 231 ಮಿಲಿಸೆಕೆಂಡ್, ಡಿಸ್ಕನೆಕ್ಟ್ ಮಾಡಿ ಮತ್ತೆ ಹಾಕಿದಾಗ 208, ಇನ್ನೊಂದ್ಸಲ 240. ಕೇಬಲಲ್ಲಿ 14, ಎಷ್ಟು ಸಲ ಮಾಡಿದ್ರೂ 14. ಒಂದೇ ನಂಬರ್ ಬಂದಿದ್ರೆ ರೆಕಾರ್ಡ್ ಮಾಡಿದ್ಮೇಲೆ ಟ್ರ್ಯಾಕನ್ನ ಅಷ್ಟು ಹಿಂದಕ್ಕೆ ಎಳೆದುಬಿಡ್ಬೋದು ಅಂದ್ಕೊಂಡಿದ್ದೆ, ಆ ಐಡಿಯಾನೂ ಹೋಯ್ತು.

ನುಡಿಸೋಕೆ ಈಗ ಬೆಣ್ಣೆ ಥರ. ಫೋನ್ ಕಾಲ್ ಸೌಂಡೂ ಹೋಯ್ತು, ಇನ್‌ಪುಟ್ ಬದಲಾಯಿಸಿದ್ದು ಕೆಲಸ ಮಾಡ್ತು, ಥ್ಯಾಂಕ್ಸ್ ಕೋತಿ ಅವ್ರೇ (ಹೆಸರು ನೀವೇ ಇಟ್ಕೊಂಡಿರೋದು, ಬೈದಿದ್ದಲ್ಲ).

ಆದ್ರೆ ಹೊಸ ಗೊಂದಲ. ಕೇಬಲ್ ಹಾಕಿ ಹೆಡ್‌ಫೋನ್ ಪವರ್ ಆಫ್ ಇಟ್ರೆ ಒಂಥರಾ ಸೌಂಡು, ಬೇಸ್ ಸಡಿಲ, ಮೇಲಿನದ್ದೆಲ್ಲಾ ಮಂಕು, ಕಂಬಳಿ ಹೊದ್ದಂಗೆ. ಅದೇ ಕೇಬಲಲ್ಲೇ ಪವರ್ ಆನ್ ಮಾಡಿದ್ರೆ ಬ್ಲೂಟೂತಲ್ಲಿ ಕೇಳ್ತಿದ್ದ ಥರಾನೇ. ನಿಜವಾದ ಸೌಂಡ್ ಯಾವುದು ಇದರಲ್ಲಿ?

ಫೇಡರ್ ಮೇಲೆ ಬೆರಳು:

ಆಫ್ ಇದ್ದಾಗ ನೀವು ಕೇಳ್ತಿರೋದು ಬರೀ ಡ್ರೈವರ್ರು (ಒಳಗಿನ ಪುಟ್ಟ ಸ್ಪೀಕರ್), ಡಬ್ಬ, ಪ್ಯಾಡು. ಆನ್ ಮಾಡಿದಾಗ ಒಳಗೆ ಬಂದ ಅನಲಾಗ್ ಸಿಗ್ನಲನ್ನ ಅದು ಮತ್ತೆ ಡಿಜಿಟಲ್ ಮಾಡಿ, ಪ್ರೊಸೆಸರಲ್ಲಿ ತಿದ್ದಿ, ಮತ್ತೆ ಅನಲಾಗ್ ಮಾಡಿ ಕೊಡುತ್ತೆ. ಇಂಥ ಹೆಡ್‌ಫೋನ್ ಡಿಸೈನ್ ಮಾಡೋದೇ ಪ್ರೊಸೆಸರ್ ತಿದ್ದುತ್ತೆ ಅನ್ನೋ ಧೈರ್ಯದ ಮೇಲೆ, ಹಾಗಾಗಿ ಆಫ್ ಇದ್ದಾಗಿನದ್ದು ಅರ್ಧ ಬೆಂದಿರೋ ಸೌಂಡ್. ನಿಮ್ಮ 14ರಲ್ಲಿ ಒಂದಿಷ್ಟು ಆ ತಿದ್ದೋ ಕೆಲಸದ್ದೂ ಇರ್ಬೋದು, ಪವರ್ ಆಫ್ ಮಾಡಿ ಅಳೆದ್ರೆ ಗೊತ್ತಾಗುತ್ತೆ. ಎರಡರಲ್ಲಿ ಯಾವುದೂ ನಿಜ ಅಲ್ಲ, ನಾನಾಗಿದ್ರೆ ಆನ್ ಇಟ್ಟು, ನಾಯ್ಸ್ ಕ್ಯಾನ್ಸಲಿಂಗನ್ನ ಯಾವಾಗಲೂ ಆಫೋ ಯಾವಾಗಲೂ ಆನೋ ಒಂದು ಮಾಡಿ ಅದಕ್ಕೇ ಕಿವಿ ಒಗ್ಗಿಸ್ಕೊಳ್ತಿದ್ದೆ. ಹಾಡಿ ರೆಕಾರ್ಡ್ ಮಾಡೋವಾಗ ಮಾತ್ರ ಕ್ಯಾನ್ಸಲಿಂಗ್ ಬೇಡ, ಸ್ವಂತ ದನಿ ತಲೆಯೊಳಗೇ ಗುಂಯ್ ಅನ್ನುತ್ತೆ, ಶ್ರುತಿ ಹಿಡಿಯೋಕೆ ಕಷ್ಟ ಆಗುತ್ತೆ. ಒಂದು ಕಪ್ಪನ್ನ ಕಿವಿ ಹಿಂದಕ್ಕೆ ಸರಿಸಿ ಹಾಡಿ, ಸರಿಸಿದ ಕಡೆ ಸೌಂಡನ್ನ ಮ್ಯೂಟ್ ಮಾಡಿ, ಇಲ್ಲಾಂದ್ರೆ ಕ್ಲಿಕ್ಕೆಲ್ಲಾ ಮೈಕಿಗೆ ಹೋಗುತ್ತೆ.

ಬೆಡ್‌ರೂಮ್ ಬೀಟ್ಸ್:

ಆಯ್ತು ಆನ್ ಇಟ್ಟು ಮಾಡ್ತೀನಿ. ನಿನ್ನೆ ಹಳೇ ಟ್ರ್ಯಾಕ್ ಒಂದನ್ನ ತೆಗೆದು ರೆಫರೆನ್ಸ್ ಹಾಡಿನ ಪಕ್ಕ ಇಟ್ಟು ಕೇಳಿದೆ, ನನ್ನ ಕಿಕ್ಕು ಹುಡುಕಿದ್ರೂ ಸಿಗಲಿಲ್ಲ, ನಾಚಿಕೆ ಆಯ್ತು. 5 ಡಿಬಿ ಏರಿಸ್ದೆ. ಅಂದಹಾಗೆ ಪವರ್ ಆನ್ ಇದ್ದಾಗ ಹಾಡು ನಿಂತ್ರೆ ಹಿಂದೆ ಸಣ್ಣಗೆ ಸ್‌ಸ್‌ಸ್ ಅಂತ ಕೇಳ್ಸುತ್ತೆ, ಇದೂ ರೋಗಾನಾ?

ಕೋಡೆಕ್ ಕೋತಿ:

ಅಲ್ಲ, ಒಳಗಿನ ಆಂಪ್ಲಿಫೈಯರ್ರು, ಮೈಕು ಕೆಲಸ ಮಾಡ್ತಿರೋ ಸದ್ದು. ರೆಕಾರ್ಡಿಂಗಲ್ಲಿ ಬರಲ್ಲ ಬಿಡಿ. ಲ್ಯಾಪ್‌ಟಾಪ್ ವಾಲ್ಯೂಮ್ ಜಾಸ್ತಿ ಇಟ್ಟು ಹೆಡ್‌ಫೋನಿನ ವಾಲ್ಯೂಮ್ ಕಮ್ಮಿ ಮಾಡಿ ನೋಡಿ, ಸ್ವಲ್ಪ ತಗ್ಗಬಹುದು.

ಹಳೇ ಕೇಬಲ್:

ಚಾರ್ಜ್ ಮಾಡೋದು ಮರೀಬೇಡಿ. ಕೇಬಲ್ ಹಾಕಿದ ಹೆಡ್‌ಫೋನಿಗೂ ಚಾರ್ಜ್ ಮಾಡೋ ಕಾಲ ನೋಡ್ಬೇಕಾಯ್ತಲ್ಲ ನಾನು.